ಡ್ರಾಯಿಂಗಿನಲ್ಲಿ ಇಲ್ಲದ ಉಬ್ಬು

1963ರಲ್ಲಿ ನಾನು ಯಶವಂತಪುರದ ಒಂದು ಲೇತ್ ಕಾರ್ಖಾನೆಯಲ್ಲಿ ಸ್ಕ್ರೇಪಿಂಗ್ ಫಿಟ್ಟರ್ ಆಗಿದ್ದೆ. ಅಲ್ಲಾಳಸಂದ್ರದ ಮನೆಯಿಂದ ದಿನವೂ ಸೈಕಲ್ ತುಳಿದು ಹೋಗುತ್ತಿದ್ದೆ. ಹನ್ನೊಂದು ವರ್ಷದ ಸರ್ವಿಸ್ ಆಗಿತ್ತು. ಜಂಬವೂ ಅಷ್ಟೇ ಬೆಳೆದಿತ್ತು.

ಜಂಬಕ್ಕೆ ಕಾರಣವಿತ್ತು. ಕಬ್ಬಿಣವನ್ನು ತಿರುಗಿಸಿ ಕಡೆಯುವ ಲೇತಿಗೆ ‘ಬೆಡ್’ ಎಂಬ ಉದ್ದನೆಯ ಎರಕದ ಕಬ್ಬಿಣದ ಮೈ ಇರುತ್ತದೆ. ಟೂಲ್ ಹಿಡಿದ ‘ಸ್ಯಾಡಲ್’ ಅದರ ಮೇಲೆ ಆ ಕಡೆಯಿಂದ ಈ ಕಡೆಗೆ ಜಾರಬೇಕು. ಅದು ನೇರವಾಗಿ ಜಾರದಿದ್ದರೆ ಆ ಲೇತಿನಲ್ಲಿ ಮಾಡಿದ್ದೆಲ್ಲ ವಕ್ರ. ಬೆಡ್ಡನ್ನು ನೇರ ಮಾಡುವವರು ನಾವು ನಾಲ್ಕು ಜನ. ನಿಖರವಾಗಿ ನೇರವಿರುವ ಕಬ್ಬಿಣದ ಪಟ್ಟಿಗೆ ನೀಲಿ ಬಣ್ಣ ಬಳಿದು ಬೆಡ್ಡಿನ ಮೇಲೆ ಉಜ್ಜುತ್ತಿದ್ದೆವು. ನೀಲಿ ಅಂಟಿದ ಕಡೆ ಉಬ್ಬಿದೆ ಎಂದರ್ಥ. ಅಲ್ಲಿ ಉಳಿಯಂಥ ಸ್ಕ್ರೇಪರಿನಿಂದ ಸೊಂಟದ ಬಲ ಕೊಟ್ಟು ಕೆರೆಯುತ್ತಿದ್ದೆವು. ಒಂದು ಬೆಡ್ಡಿಗೆ ನಾಲ್ಕು ದಿನ. ಮ್ಯಾನೇಜರ್ ಕೂಡ ನಮ್ಮನ್ನು ಮಾತಾಡಿಸಿಯೇ ಮುಂದೆ ಹೋಗುತ್ತಿದ್ದರು.

ಆ ವರ್ಷ ವಿದೇಶದಿಂದ ಗ್ರೈಂಡಿಂಗ್ ಮೆಷಿನ್ ಬಂತು. ನಮ್ಮ ನಾಲ್ಕು ದಿನದ ಕೆಲಸ ಅದಕ್ಕೆ ಎರಡು ಗಂಟೆಯದು. ಅದಕ್ಕೊಂದು ಪ್ರತ್ಯೇಕ ಕೋಣೆ, ಕಿಟಕಿಗೆ ಪರದೆ, ಎರಡು ಫ್ಯಾನು! ನಮ್ಮ ತಲೆಯ ಮೇಲೆ ಕಾದ ಶೀಟು ಬಿಟ್ಟರೆ ಏನೂ ಇರಲಿಲ್ಲ. ಪ್ರತಿ ವರ್ಷ ಆಯುಧಪೂಜೆಯಲ್ಲಿ ಮೊದಲ ತೆಂಗಿನಕಾಯಿ ನಮ್ಮ ಸ್ಕ್ರೇಪರುಗಳ ಮುಂದೆ ಒಡೆಯುತ್ತಿತ್ತು. ಆ ವರ್ಷ ಕಾಯಿ, ಬೂದುಗುಂಬಳ, ದಪ್ಪ ಸೇವಂತಿಗೆ ಹಾರ ಎಲ್ಲವೂ ಗ್ರೈಂಡರಿಗೆ. ನಮ್ಮ ಬೆಂಚಿಗೆ ಯಾರೋ ಬಂದು ಒಂದಿಷ್ಟು ಕುಂಕುಮ ಇಟ್ಟುಹೋದರು. ನನ್ನ ಹೊಟ್ಟೆ ಹೇಗೆ ಉರಿಯಿತೆಂದರೆ, ಅಂದು ಹಂಚಿದ ಕಡ್ಲೆಪುರಿಯನ್ನೂ ಮುಟ್ಟಲಿಲ್ಲ.

ಆ ಗ್ರೈಂಡರ್ ನಡೆಸಲು ನನ್ನನ್ನು ಕರೆಯುತ್ತಾರೆಂದು ಕಾದಿದ್ದೆ. ಕರೆದದ್ದು ರೆಹಮಾನನನ್ನು. ಮಿಲ್ಲಿಂಗ್ ಸೆಕ್ಷನ್ನಿನವನು, ಗಂಗಾನಗರದ ಕಡೆಯವನು, ನನಗಿಂತ ಎರಡೇ ವರ್ಷ ಚಿಕ್ಕವನು, ಇನ್ನೂ ಟೆಂಪರರಿ. ಈ ಮೆಷಿನ್ನಿನಲ್ಲಿ ಮೊದಲ ಆರು ಬೆಡ್ ಪಾಸಾದರೆ ಅವನ ಕೆಲಸ ಕಾಯಂ ಎಂದು ಮ್ಯಾನೇಜರ್ ಎಲ್ಲರೆದುರೇ ಹೇಳಿದ್ದರು. ಸ್ಕ್ರೇಪರ್ ಹಿಡಿದು ಗೊತ್ತಿಲ್ಲದವನಿಗೆ ಬೆಡ್ಡಿನ ಕೆಲಸವೇ? ಅವನ ಹೆಸರು ಕಿವಿಗೆ ಬಿದ್ದರೂ ಮೈ ಉರಿಯುತ್ತಿತ್ತು.

ಕೆಲಸ ಶುರು ಮಾಡುವ ಮುಂಚೆ ರೆಹಮಾನ್ ಡ್ರಾಯಿಂಗ್ ಹಿಡಿದುಕೊಂಡು ನನ್ನ ಬೆಂಚಿಗೇ ಬಂದ.

“ಮುನಿಯಪ್ಪಣ್ಣ, ಇದ್ರಲ್ಲಿ ಬೆಡ್ ಸ್ಟ್ರೈಟ್ ಇರ್ಬೇಕು ಅಂತ ಮಾತ್ರ ಇದೆ. ಕೈಯಲ್ಲಿ ಮಾಡೋವಾಗ ನೀವು ಬೇರೆ ಏನಾದ್ರೂ ನೋಡ್ತಿದ್ರಾ?”

ನೋಡುತ್ತಿದ್ದೆವು. ನನಗೆ ಕೆಲಸ ಕಲಿಸಿದ ಮೇಸ್ತ್ರಿ ಮೊದಲ ವಾರವೇ ಹೇಳಿಕೊಟ್ಟಿದ್ದರು: ಬೆಡ್ಡಿನ ನಡುವೆ ಒಂದು ‘ಥೌ’, ಅಂದರೆ ಇಂಚಿನ ಸಾವಿರದಲ್ಲೊಂದು ಪಾಲು, ಉಬ್ಬು ಬಿಡಬೇಕು. ಮೇಲೆ ಸ್ಯಾಡಲ್ಲಿನ ಭಾರ ಕೂತಾಗ ನಡು ತುಸು ಕುಗ್ಗುತ್ತದೆ, ಆಗ ಸರಿಯಾಗಿ ನೇರಕ್ಕೆ ಬರುತ್ತದೆ. ಇದು ಯಾವ ಡ್ರಾಯಿಂಗಿನಲ್ಲೂ ಇರಲಿಲ್ಲ. ಬರೆಸುವ ಅಗತ್ಯ ನಮಗೆ ಕಂಡಿರಲಿಲ್ಲ. ನಿಜ ಹೇಳಬೇಕೆಂದರೆ, ಬರೆಸಲು ಮನಸ್ಸೂ ಇರಲಿಲ್ಲ.

“ಏನೂ ಇಲ್ಲ ಕಣಪ್ಪ. ಅದ್ರಾಗೆ ಎಂಗೈತೋ ಅಂಗೇ ಮಾಡು” ಎಂದೆ.

ಪಕ್ಕದಲ್ಲಿದ್ದ ಮೂವರೂ ಕೇಳಿಸಿಕೊಂಡರು. ತಲೆ ಎತ್ತದೆ ಕೆರೆಯುತ್ತಲೇ ಇದ್ದರು. ರೆಹಮಾನ್ “ಥ್ಯಾಂಕ್ಸ್ ಅಣ್ಣ” ಎಂದು ಹೊರಟುಹೋದ.

ಆರು ಬೆಡ್ಡುಗಳು ಮೂರೇ ದಿನದಲ್ಲಿ ತಯಾರಾದವು. ಇನ್‌ಸ್ಪೆಕ್ಟರ್ ಡ್ರಾಯಿಂಗ್ ಪ್ರಕಾರ ಅಳೆದು ಪಾಸು ಮಾಡಿದರು. ಆಮೇಲೆ ಸ್ಯಾಡಲ್ ಕೂರಿಸಿ ಪರೀಕ್ಷೆಗೆಂದು ಒಂದು ಕಂಬಿಯನ್ನು ಕಡೆದು ನೋಡಿದರೆ ಆರಕ್ಕೆ ಆರೂ ಫೇಲ್. ಪ್ರತಿಯೊಂದರಲ್ಲೂ ಬೆಡ್ಡಿನ ನಡು ಕುಗ್ಗಿತ್ತು. ಸುದ್ದಿ ಕೇಳಿ ನನಗೆ ಖುಷಿಯಾಯಿತು. ಸುಳ್ಳೇಕೆ ಹೇಳಲಿ, ಕ್ಯಾಂಟೀನಿನಲ್ಲಿ ಎರಡು ಕಾಫಿ ಕುಡಿದೆ.

ಮರುದಿನ ಬೆಳಿಗ್ಗೆ ಮ್ಯಾನೇಜರ್ ಕೋಣೆಯಲ್ಲಿ ವಿಚಾರಣೆ. ಹಳೆಯ ಕೈಕೆಲಸದವನೆಂದು ನನ್ನನ್ನೂ ಕರೆದಿದ್ದರು. ಮೆಷಿನ್ನನ್ನು ತಪ್ಪಾಗಿ ಸೆಟ್ ಮಾಡಿದ್ದಾನೆ, ರೆಹಮಾನನನ್ನು ತೆಗೆದುಹಾಕುವುದೇ ಸರಿ ಎಂಬುದು ಫೋರ್‌ಮನ್ನರ ಮಾತು. ಅವರು ಹೊಸಬರು, ಸ್ಕ್ರೇಪಿಂಗ್ ಕೆಲಸ ಬಲ್ಲವರಲ್ಲ.

ಮ್ಯಾನೇಜರ್ ರೆಹಮಾನನನ್ನು ಕೇಳಿದರು: “ಗೊತ್ತಿಲ್ಲದಿದ್ರೆ ಯಾರನ್ನಾದ್ರೂ ಕೇಳ್ಬೇಕಿತ್ತು. ಕೇಳಿದ್ಯಾ?”

ಈಗ ನನ್ನ ಮೇಲೆ ಹಾಕುತ್ತಾನೆ ಎಂದುಕೊಂಡೆ.

“ಕೇಳಿದೆ ಸಾರ್. ಮುನಿಯಪ್ಪಣ್ಣನ್ನ ಕೇಳಿದೆ. ಡ್ರಾಯಿಂಗ್ ಇದ್ದಂಗೇ ಮಾಡು ಅಂದ್ರು. ಅವ್ರು ಹೇಳಿದ್ದು ತಪ್ಪಾಗಿರಲ್ಲ ಸಾರ್, ನಾನೇ ಎಲ್ಲೋ ಎಡವಟ್ಟು ಮಾಡಿದೀನಿ.”

ದೂರಿದ್ದರೆ ನನ್ನ ಬಾಯಿ ಜೋರಿತ್ತು, ಜಗಳವಾಡುತ್ತಿದ್ದೆ. ಹೀಗೆ ನಂಬಿದವನ ಮುಂದೆ ಏನು ಮಾಡಲಿ? ಥೂ, ಎಂಥ ಕೆಲಸ ಮಾಡಿಬಿಟ್ಟೆ ಎನ್ನಿಸಿತು.

“ಅವ್ನ್ ತಪ್ಪಲ್ಲ ಸ್ವಾಮಿ” ಎಂದೆ. “ನಡುವೆ ಒಂದು ಥೌ ಉಬ್ಬು ಬಿಡ್ಬೇಕು. ನಂಗೊತ್ತಿತ್ತು. ಬೇಕಂತ್ಲೇ ಏಳ್ಲಿಲ್ಲ.”

“ಯಾಕೆ?”

“ಒಟ್ಟೆಕಿಚ್ಚು ಸ್ವಾಮಿ.”

ನನಗೆ ಒಂದು ವಾರ ಸಸ್ಪೆನ್ಷನ್ ಆಯಿತು, ರೆಹಮಾನನ ಕೆಲಸ ಉಳಿಯಿತು. ತಿರುಗಿ ಬಂದ ದಿನ ರೆಹಮಾನ್ ನನ್ನ ಮೇಲೆ ಕೂಗಾಡಲಿಲ್ಲ, ನಗಲೂ ಇಲ್ಲ. “ಆ ಉಬ್ಬು ಮೆಷಿನ್‌ನಲ್ಲಿ ಹೆಂಗೆ ತರೋದು ಅಂತ ಯೋಚ್ನೆ ಮಾಡಿದೀನಿ, ಬಂದು ನೋಡಿ” ಎಂದಷ್ಟೇ ಹೇಳಿದ. ಅವನು ಬೆಡ್ಡಿನ ನಡುವಿನ ಬೋಲ್ಟನ್ನು ಬಿಗಿದು ಆ ನಡುವನ್ನು ಕೂದಲೆಳೆಯಷ್ಟು ಕೆಳಕ್ಕೆ ಎಳೆದ. ಹಾಗೆಯೇ ನೇರವಾಗಿ ಗ್ರೈಂಡ್ ಮಾಡಿದ. ಬೋಲ್ಟು ಸಡಿಲಿಸಿದಾಗ ನಡು ತಾನಾಗಿ ಮೇಲೆದ್ದಿತು. ಇಷ್ಟು ಸರಳ ಉಪಾಯ ಅವನಿಗೆ ಹೊಳೆಯಿತಲ್ಲ ಎಂದು ಮತ್ತೆ ಹೊಟ್ಟೆ ಉರಿಯಿತು.

ನಾನು ನೀಲಿ ಬಳಿದು ಪರೀಕ್ಷಿಸಿದೆ. ಒಂದಾದರೂ ದೋಷ ಸಿಗಲಿ ಎಂದು ಎರಡೆರಡು ಸಲ ಹುಡುಕಿದೆ. ಸಿಗಲಿಲ್ಲ.

“ಹೆಂಗಿದೆ? ಈ ಸಲ ನಿಜ ಹೇಳಿ” ಎಂದ ರೆಹಮಾನ್.

“ನಾನ್ ಮಾಡಿದ್ದಕ್ಕಿಂತ ಚೆನ್ನಾಗೈತೆ” ಎಂದೆ.

ವಿಚಾರಣೆಯಲ್ಲಿ ತಪ್ಪು ಒಪ್ಪಿಕೊಂಡದ್ದು ಇದಕ್ಕಿಂತ ಸುಲಭವಾಗಿತ್ತು. ಆ ಸಂಜೆಯೇ ಡ್ರಾಯಿಂಗ್ ಆಫೀಸಿಗೆ ಹೋಗಿ, ಮೇಸ್ತ್ರಿ ಬಾಯಲ್ಲಿ ಕಲಿಸಿದ್ದನ್ನೆಲ್ಲ ಒಂದೊಂದಾಗಿ ಹೇಳಿ ಬರೆಸಿದೆ. ಬರೆಸುತ್ತಿರುವಾಗಲೇ ಗೊತ್ತಿತ್ತು, ಇದು ಮುಗಿದರೆ ನಮ್ಮ ಬೆಂಚಿಗೆ ಹೆಚ್ಚು ದಿನ ಉಳಿಗಾಲವಿಲ್ಲ. ಹಾಗೇ ಆಯಿತು, ಎರಡು ವರ್ಷದಲ್ಲಿ ಬೆಂಚನ್ನು ಎತ್ತಿಬಿಟ್ಟರು. ಮುಂದೆ ಎಷ್ಟೋ ಮೆಷಿನ್ನುಗಳು ಬಂದವು, ಎಲ್ಲದರ ಮೇಲೂ ನಾನು ಹೊಟ್ಟೆಕಿಚ್ಚು ಪಟ್ಟಿದ್ದೇನೆ. ಆದರೆ ಅವುಗಳ ಹತ್ತಿರ ಏನನ್ನೂ ಮುಚ್ಚಿಡಲಿಲ್ಲ. ಮೆಷಿನ್ ತಾನಾಗಿ ಏನನ್ನೂ ತಿಳಿದು ಬಂದಿರುವುದಿಲ್ಲ. ನಾವು ಹೇಳದೆ ಬಿಟ್ಟದ್ದು ಅದರ ಕೆಲಸದಲ್ಲಿ ತಪ್ಪಾಗಿ ಬರುತ್ತದೆ, ಆ ತಪ್ಪಿಗೆ ಅದರ ಪಕ್ಕದಲ್ಲಿ ನಿಂತ ಮನುಷ್ಯ ಅನ್ನ ಕಳೆದುಕೊಳ್ಳುತ್ತಾನೆ.