ಚಳಿಯ ಯಜಮಾನರು

ಅವರನ್ನು ನಾನು ಮೊದಲು ಕಂಡದ್ದು ಸೈಕಲ್ ಅಂಗಡಿಯ ಮೇಲಿನ ಕೋಣೆಯಲ್ಲಿ, ಹಿಮದ ಬೆಟ್ಟ ಹತ್ತಲು ಹೊರಟವರ ಸಭೆಯ ದಿನ. ಮಾರ್ಗದರ್ಶಿ ಉಣ್ಣೆಯ ಕಾಲುಚೀಲದ ಮಹಿಮೆಯನ್ನು ವಿವರಿಸುತ್ತಿದ್ದ. ಕಿಟಕಿಯ ಬಳಿ ಅರ್ಧತೋಳಿನ ಅಂಗಿ ತೊಟ್ಟು ಕುಳಿತಿದ್ದ ದಪ್ಪ ಮೀಸೆಯವರೊಬ್ಬರು, ಮೊಮ್ಮಗುವಿನ ತೊದಲು ಕೇಳುವ ಅಜ್ಜನಂತೆ ನಗುತ್ತಿದ್ದರು.

"ನೋಡಿ ಮೇಷ್ಟ್ರೇ, ಈ ಹುಡುಗ ನನಗೆ ಚಳಿ ಅಂದ್ರೇನು ಅಂತ ಹೇಳಿಕೊಡ್ತಿದ್ದಾನೆ," ಎಂದು, ಶಾಲೆಯ ಮೇಷ್ಟ್ರೆಂದು ಆಗಷ್ಟೇ ಪರಿಚಯ ಹೇಳಿಕೊಂಡಿದ್ದ ನನ್ನ ಕಿವಿಯಲ್ಲಿ ಉಸುರಿದರು.

ಅವರು ಆಲೂಗಡ್ಡೆ, ಹಣ್ಣು ಕಾಪಿಡುವ ಕೋಲ್ಡ್ ಸ್ಟೋರೇಜಿನ ಉಸ್ತುವಾರಿ. ಬೀದಿಯವರೆಲ್ಲ 'ಐಸ್ ಮಾವ' ಎನ್ನುತ್ತಿದ್ದರು. ಕೊರೆಯುವ ಕೋಣೆಗೆ ಬರಿ ಅಂಗಿಯಲ್ಲೇ ನುಗ್ಗಿ, ಪೆಟ್ಟಿಗೆಗಳನ್ನು ಜರುಗಿಸಿ, ಮೈ ನಡುಗುವ ಹೊತ್ತಿಗೆ ದಪ್ಪ ಬಾಗಿಲು ತಳ್ಳಿ ಅಂಗಳದ ಬಿಸಿಲಿಗೆ ಬರುವುದು ಅವರ ಪದ್ಧತಿ. ಮೈ ಕಾದ ಮೇಲೆ ಮತ್ತೆ ಒಳಕ್ಕೆ. ಇದರಲ್ಲಿ ಬಾಗಿಲಿನ ಪಾಲೆಷ್ಟು, ತಮ್ಮ ಶೌರ್ಯದ ಪಾಲೆಷ್ಟು ಎಂದು ಅವರು ಎಂದೂ ಯೋಚಿಸಿದವರಲ್ಲ.

ಬೆಟ್ಟದ ಹುಚ್ಚು ನಿಜವಾಗಿ ಅವರ ಹೆಂಡತಿಯದು. ಆಕೆ ದರ್ಜಿ. ಹೊಲಿಗೆ ಯಂತ್ರದ ಎದುರಿನ ಗೋಡೆಗೆ ಒಂದು ಶಿಖರದ ಚಿತ್ರ ಅಂಟಿಸಿಕೊಂಡು, ಮದುವೆಯಾದಾಗಿನಿಂದ ಅದನ್ನೇ ನೋಡುತ್ತ ಕಂಡವರ ಬಟ್ಟೆ ಹೊಲಿದವರು. ಅತ್ತೆಯ ಕಾಯಿಲೆ, ಮಗಳ ಬಾಣಂತನ ಎಲ್ಲ ಮುಗಿದು ಕೊನೆಗೆ ಆಕೆಯ ಸರದಿ ಬಂದಿತ್ತು. ಇಬ್ಬರಿಗೂ ದಪ್ಪ ಅಸ್ತರಿನ ಕೋಟು ಹೊಲಿದರು. ಯಜಮಾನರು ತಮ್ಮದನ್ನು ಹೊರಡುವ ಬೆಳಿಗ್ಗೆ ಸದ್ದಿಲ್ಲದೆ ಬೀರುವಿಗೆ ಸೇರಿಸಿ, ಚೀಲದಲ್ಲಿ ಅದರ ಜಾಗಕ್ಕೆ ಇಸ್ಪೀಟಿನ ಕಟ್ಟು ತುರುಕಿದರು.

ಕೆಳಗಿನ ಶಿಬಿರದಲ್ಲಿ ಅವರದೇ ಉಪನ್ಯಾಸ. "ಹೆದರಿದವರನ್ನೇ ಮೇಷ್ಟ್ರೇ, ಚಳಿ ಹಿಡಿಯೋದು." ಈ ನಿಯಮವನ್ನು ಮೇಲಿನ ಶಿಬಿರದ ಚಳಿಗೆ ಯಾರೂ ತಿಳಿಸಿರಲಿಲ್ಲವೆಂದು ಕಾಣುತ್ತದೆ. ಅಲ್ಲಿ ಸಂಜೆಗೇ ಬಾಟಲಿಯ ನೀರು ಕಲ್ಲಾಯಿತು. ನನ್ನ ಕಟ್ಟಿಸಿದ ಹಲ್ಲು ತನ್ನಷ್ಟಕ್ಕೆ ತಾನೇ ತಾಳ ಹಾಕತೊಡಗಿತು. ಐಸ್ ಮಾವ ಮಾತ್ರ ಡೇರೆಯಿಂದ ಹೊರಗೆ ಬಂದು ಗಾಳಿಗೆ ಎದೆಯೊಡ್ಡಿ ನಿಲ್ಲುವುದು, ಒಳಗೆ ಹೋಗುವುದು, ಮತ್ತೆ ಬರುವುದು.

"ಏನ್ರೀ ಇದು? ಒಳಗೆ ಬನ್ನಿ," ಎಂದರು ಹೆಂಡತಿ.

"ಸ್ವಲ್ಪ ಮೈ ಬೆಚ್ಚಗೆ ಮಾಡ್ಕೊಂಡು ಬರ್ತೀನಿ ಕಣೆ."

ಜೀವಮಾನವಿಡೀ ಬಾಗಿಲು ತೆರೆದು ಹೊರಗೆ ಬಂದು ಚಳಿಯನ್ನು ಗೆದ್ದ ಮನುಷ್ಯ. ಇಲ್ಲಿ ಚಳಿ ಇರುವುದೇ ಹೊರಗೆ ಎಂಬುದನ್ನು ಬುದ್ಧಿ ಒಪ್ಪಿದರೂ ಕಾಲು ಒಪ್ಪಲಿಲ್ಲ.

ಮಾರ್ಗದರ್ಶಿ ಬಂದ. "ಮಾವ, ಅಂಗಿಯ ಮೇಲಿನ ಗುಂಡಿ ಹಾಕಿ, ನೋಡೋಣ."

ಬೆರಳುಗಳು ಗುಂಡಿಯನ್ನು ಹುಡುಕಿ, ಗದ್ದವನ್ನು ಮುಟ್ಟಿ, ಬರಿಗೈಯಲ್ಲಿ ಹಿಂದಿರುಗಿದವು.

"ಕೋಟು ಎಲ್ಲಿ?" ಎಂದ.

"ಬೀರುವಿನಲ್ಲಿ ಭದ್ರವಾಗಿದೆ," ಎಂದರು ತೊದಲುತ್ತ.

ಅವನು ಅವರನ್ನು ಕಂಬಳಿಯಲ್ಲಿ ಸುತ್ತಿ ಒಲೆಯ ಬಳಿ ಕೂರಿಸಿದ. "ಬೆಳಗಾದ ಕೂಡಲೇ ಇವರು ಕೆಳಗಿಳೀಬೇಕು. ಜೊತೆಗೆ ಒಬ್ಬರು ಹೋಗಲೇಬೇಕು."

ಎಲ್ಲರೂ ಆಕೆಯ ಕಡೆ ನೋಡಿದರು. ಶಿಖರಕ್ಕೆ ಇನ್ನು ಮರುದಿನದ ನಡಿಗೆಯಷ್ಟೇ ಬಾಕಿ. ಆಕೆ ಗಂಡನ ಗುಂಡಿ ಹಾಕಿ, ಕೆಳಗಿಳಿಯಲು ತಮ್ಮ ಚೀಲ ಕಟ್ಟತೊಡಗಿದರು.

"ಅವಳು ಮೇಲೆ ಹೋಗಲಿ," ಎಂದರು ಯಜಮಾನರು. ಬಾಯಿ ಸರಿಯಾಗಿ ತೆರೆಯುತ್ತಿರಲಿಲ್ಲ. "ಚಳಿ ಆಗ್ತಿರೋದು ನನಗೆ. ಅವಳಿಗಲ್ಲ."

ಅವರ ಬಾಯಿಂದ ಆ ಮಾತು ಕೇಳಲು ನಾವು ಅಷ್ಟು ಎತ್ತರ ಹತ್ತಬೇಕಾಯಿತು.

"ನೀವು ಹೋಗಿಬನ್ನಿ ಅಮ್ಮ, ಇವರನ್ನು ನಾನು ಇಳಿಸ್ತೀನಿ," ಎಂದೆ. ಎಲ್ಲರೂ ನನ್ನ ತ್ಯಾಗವನ್ನು ಕೊಂಡಾಡಿದರು. ನನ್ನ ಮಂಡಿಗಳಂತೂ ಕೆಳಗಿನ ಶಿಬಿರದಿಂದಲೇ ಇಂಥದೊಂದು ನೆಪಕ್ಕೆ ಕಾದಿದ್ದವು.

ಆಕೆ ಹತ್ತಿದರು. ಮೂಗು ಕಪ್ಪಿಟ್ಟು, ತುಟಿ ಒಡೆದು ಇಳಿದು ಬಂದು, ಗಂಡನ ಪಕ್ಕ ಕುಳಿತು ಕಂಡದ್ದನ್ನೆಲ್ಲ ಹೇಳಿದರು. ಐಸ್ ಮಾವ ಅಡ್ಡಮಾತಿಲ್ಲದೆ ಕೇಳಿದರು. ನಾನು ಗಾಬರಿಯಿಂದ ಅವರ ಹಣೆ ಮುಟ್ಟಿ ನೋಡಿದೆ.

ಈಗ ಆಕೆ ವರ್ಷಕ್ಕೊಂದು ಬೆಟ್ಟ ಹತ್ತುತ್ತಾರೆ. ಕೆಲಸದಿಂದ ನಿವೃತ್ತರಾದ ಯಜಮಾನರು ದರ್ಜಿ ಅಂಗಡಿಯ ಮುಂಭಾಗದಲ್ಲಿ ಕುಳಿತು, ಬಟ್ಟೆಗೆಂದು ಬಂದವರಿಗೆ ಶಿಖರದ ಮೇಲಿನ ನೋಟವನ್ನು ವರ್ಣಿಸುತ್ತಾರೆ. ಕಳೆದ ವಾರ ಹೊಲಿಯಲು ಕೊಟ್ಟಿದ್ದ ಅಂಗಿ ತರಲು ನಾನು ಹೋದಾಗಲೂ ಅದೇ ನಡೆದಿತ್ತು.

"ಬಲಗಡೆ ಸರೋವರ ಮೇಷ್ಟ್ರೇ, ಎಡಗಡೆ ಇಳಿಜಾರು..."

"ಸರೋವರ ಎಡಗಡೆ ಕಣ್ರೀ," ಎಂಬ ಮಾತು ಒಳಗಿನಿಂದ ಬಂತು.

"ನೀನು ಆ ಕಡೆ ತಿರುಗಿ ನಿಂತಿರ್ತೀಯ," ಎಂದವರೇ ನನ್ನ ಅಂಗಿಯನ್ನು ಮಡಿಸಿ ಕಾಗದದಲ್ಲಿ ಸುತ್ತತೊಡಗಿದರು.