ಲಾಭ, ಎರಡು, ಮೂರು

ನಾನು ಈಗಲೂ ಬೆರಳೆಣಿಸಿ ಲೆಕ್ಕ ಮಾಡುತ್ತೇನೆ. ಇದನ್ನು ನಿಮ್ಮಲ್ಲೇ ಇಟ್ಟುಕೊಳ್ಳಿ, ಏಕೆಂದರೆ ನನ್ನ ಹೊಟ್ಟೆಪಾಡೇ ಲೆಕ್ಕದ್ದು. ಸೌದಿಯ ಅಲ್ ಖೋಬರಿನ ಒಂದು ಕಟ್ಟಡ ಕಂಪನಿಯಲ್ಲಿ ಎಷ್ಟು ಕಬ್ಬಿಣ, ಎಷ್ಟು ಸಿಮೆಂಟು, ಎಷ್ಟು ಟೈಲ್ಸ್ ಬೇಕಾದೀತೆಂದು ಅಂದಾಜು ಹಾಕುವುದು ನನ್ನ ಕೆಲಸ. ಮೇಜಿನ ಮುಂದೆ ಕೂತಾಗ ಕಂಪ್ಯೂಟರು ಮಾನ ಕಾಯುತ್ತದೆ. ಕಷ್ಟ ಬರುವುದು ಮೀಟಿಂಗಿನಲ್ಲಿ. ಮ್ಯಾನೇಜರು "ಯಲ್ಲಾ, ಬೇಗ ಹೇಳು, ಒಟ್ಟು ಎಷ್ಟಾಯಿತು" ಎಂದು ನನ್ನತ್ತ ತಿರುಗಿದರೆ ಸಾಕು, ನನ್ನ ಬಲಗೈ ತಾನಾಗಿ ಪ್ಯಾಂಟಿನ ಜೇಬಿಗಿಳಿಯುತ್ತದೆ. ಅಲ್ಲಿ ಹೆಬ್ಬೆರಳು ಉಳಿದ ಬೆರಳುಗಳ ಗೆಣ್ಣುಗಳ ಮೇಲೆ ಓಡಾಡತೊಡಗುತ್ತದೆ. ಪ್ಯಾಂಟು ಕೊಳ್ಳುವಾಗ ಎಲ್ಲರೂ ಬಣ್ಣ ನೋಡಿದರೆ ನಾನು ಜೇಬಿನ ಆಳ ನೋಡುತ್ತೇನೆ.

ನಾಲ್ಕು ಬೆರಳು, ಬೆರಳಿಗೆ ಮೂರು ಗೆಣ್ಣು, ಒಟ್ಟು ಹನ್ನೆರಡು. ಪ್ರಪಂಚದ ಡಜನ್ ಲೆಕ್ಕ ಹುಟ್ಟಿದ್ದೇ ಇಲ್ಲಿಂದ ಎಂದು ಕೆಲವರು ಹೇಳುತ್ತಾರೆ. ನಿಜವೋ ಸುಳ್ಳೋ, ನನಗೆ ಅನುಕೂಲವಾಗಿದೆಯಾದ್ದರಿಂದ ನಂಬಿದ್ದೇನೆ. ಆದರೆ ಉಡುಪಿಯ ಕಡೆಯ ನಮ್ಮ ಶಾಲೆಯ ಮಾಸ್ಟ್ರು ಇದನ್ನು ನಂಬಿರಲಿಲ್ಲ. ಬಾಯಲ್ಲಿ ಮಗ್ಗಿ ಬರಬೇಕು, ಬೆರಳು ಅಲುಗಬಾರದು ಎಂಬುದು ಅವರ ಕಾನೂನು. ಅಲುಗಿದ ಬೆರಳಿಗೆ ಅಡಿಪಟ್ಟಿಯ ಅಂಚು ಬೀಳುತ್ತಿತ್ತು. ಆ ಪೆಟ್ಟಿನ ಕಥೆಯನ್ನಷ್ಟೇ ಮನೆಯಲ್ಲಿ ಹೇಳಿದ್ದೇನೆ, ಜೇಬಿನದನ್ನಲ್ಲ. ಮೂರನೇ ಕ್ಲಾಸಿನಲ್ಲಿ ಚಡ್ಡಿಯ ಜೇಬು ಸೇರಿದ ಕೈ ಇನ್ನೂ ಹೊರಗೆ ಬಂದಿಲ್ಲ.

ಇಂಥ ನನಗೆ, ಐದನೇ ಕ್ಲಾಸಿನ ಮಗಳು ಸಿರಿಯಲ್ಲಿ ಗಣಿತಪ್ರೇಮ ಹುಟ್ಟಿಸುವ ಹೊಣೆ ಬಂತು. ಅವಳ ಇಂಡಿಯನ್ ಸ್ಕೂಲಿನಲ್ಲಿ ಗಣಿತ ಮೇಳ ಮಾಡುತ್ತಾರಂತೆ, ಮಗು ಮತ್ತು ಪೋಷಕರು ಸೇರಿ ಒಂದೊಂದು ಮಳಿಗೆ ಇಡಬೇಕಂತೆ. ಚೀಟಿ ತಂದು ನನ್ನ ತೊಡೆಯ ಮೇಲೆ ಹಾಕಿದ ಸಿರಿ, "ಅಪ್ಪ, ಐ ಆಮ್ ನಾಟ್ ಅ ಮ್ಯಾತ್ಸ್ ಪರ್ಸನ್. ನಂಗೆ ಜ್ವರ ಅಂತ ಬರೆದುಕೊಡು" ಎಂದಳು. ತಮಾಷೆಗೆ ಹೇಳಿದ್ದಲ್ಲ. ಕಳೆದ ಪರೀಕ್ಷೆಯಲ್ಲಿ ಭಿನ್ನರಾಶಿಗೆ ಬಂದ ಕೆಂಪು ಗೆರೆಗಳನ್ನು ಅವಳು ತಿಂಗಳುಗಟ್ಟಲೆ ದಿಂಬಿನ ಕೆಳಗೆ ಬಚ್ಚಿಟ್ಟಿದ್ದಳು. ಹತ್ತು ವರ್ಷಕ್ಕೇ ಹೀಗೆ ಬಾಗಿಲು ಹಾಕಿಕೊಂಡರೆ ಮುಂದೆ ತೆರೆಯುವುದು ಕಷ್ಟ, ನನ್ನ ಜೇಬೇ ಅದಕ್ಕೆ ಸಾಕ್ಷಿ. ನನಗೆ ಭಯವಾಯಿತು.

ಭಯವಾದ ಅಪ್ಪಂದಿರು ಏನು ಮಾಡುತ್ತಾರೋ ಅದನ್ನೇ ಮಾಡಿದೆ, ಭಾಷಣ ಮಾಡಿದೆ. ಸ್ಕೂಲಿಗೆ ಬಿಡುವ ದಾರಿಯಲ್ಲಿ ಎದುರಿನ ಕಾರುಗಳ ನಂಬರ್ ಪ್ಲೇಟು ತೋರಿಸಿದೆ. ಇಲ್ಲಿನ ಅರಬಿ ಬರಹದಲ್ಲಿ ಐದು ನಮ್ಮ ಸೊನ್ನೆಯ ಹಾಗೆ ದುಂಡಗಿರುತ್ತದೆ, ಸೊನ್ನೆ ಬರೀ ಚುಕ್ಕೆ. "ನೋಡು ಸಿರಿ, ಈ ಅಂಕಿಗಳೆಲ್ಲ ನಮ್ಮ ಕಡೆಯಿಂದ ಇಲ್ಲಿಗೆ ಬಂದು, ಇಲ್ಲಿಂದ ಲೋಕಕ್ಕೆ ಹೋದವು. ಸೊನ್ನೆ ನಮ್ಮದು. ಯಾವ ಎಣಿಕೆಯೂ ಶುರುವಾಗುವುದು ಸೊನ್ನೆಯಿಂದ" ಎಂದೆ. ಸೊನ್ನೆಯನ್ನು ನಾನೇ ಕಂಡುಹಿಡಿದವನಂತೆ ಎದೆಯುಬ್ಬಿಸಿದ್ದೆ. ಆ ಮಾತು ಎಲ್ಲಿಗೆ ಹೋಗಿ ಮುಟ್ಟೀತೆಂದು ಆಗ ಗೊತ್ತಿರಲಿಲ್ಲ.

ಎರಡನೆಯ ಉಪಾಯ ಅಡುಗೆಮನೆಯದು. ಗಣಿತ ಪುಸ್ತಕದಲ್ಲಿಲ್ಲ, ಬದುಕಿನಲ್ಲಿದೆ ಎಂದು ಸಾರಿ, ದಿನವೂ ಸಂಜೆ ಕುಕ್ಕರಿಗೆ ಅಕ್ಕಿ ಅಳೆಯುವ ಕೆಲಸವನ್ನು ಸಿರಿಗೆ ವಹಿಸಿದೆ. ಮೂರು ಲೋಟ ಅಕ್ಕಿ, ಆರು ಲೋಟ ನೀರು. ಮೊದಲ ದಿನ ಅವಳಿಗೆ ತೋರಿಸಲೆಂದು ಒಂದು ಲೋಟ ಸುರಿದು, ಅಭ್ಯಾಸಬಲದಿಂದ "ಲಾಭ" ಎಂದೆ. ನಮ್ಮಜ್ಜಿ ಅಕ್ಕಿ ಅಳೆಯುವಾಗ ಒಂದು ಎನ್ನುತ್ತಿರಲಿಲ್ಲ. ಮೊದಲ ಸೇರಿಗೆ ಲಾಭ, ಆಮೇಲೆ ಎರಡು, ಮೂರು. ಒಂದು ಎಂದರೆ ಒಂದಕ್ಕೇ ನಿಂತೀತೆಂಬ ಅಳುಕೋ ಏನೋ. ಹಾಗೆನ್ನುವಷ್ಟರಲ್ಲಿ ಆಫೀಸಿನ ಫೋನ್ ಬಂತು, ಎರಡು ಎನ್ನುವ ಮೊದಲೇ ನಾನು ಹಾಲಿಗೆ ಓಡಿದೆ. ಉಳಿದದ್ದನ್ನು ಮಗಳು ತಾನೇ ಮಾಡಿದಳು. ಅವತ್ತಿನಿಂದ ನಾನು ಸೋಫಾದಲ್ಲಿ ಕೂತೇ ಹೆಮ್ಮೆಪಡುತ್ತಿದ್ದೆ.

ಆ ವಾರದಿಂದಲೇ ಅನ್ನ ಕೆಟ್ಟಿತು. ಬೆಂದೂ ಬೇಯದ ಹಾಗೆ ಬಿರುಸು, ಮೇಲಾಗಿ ದಿನವೂ ಉಳಿಯುತ್ತಿತ್ತು. ಮೈಸೂರಿನವಳಾದ ನನ್ನ ಹೆಂಡತಿ ವಸುಧಾ ಬೆಳಗಾದರೆ ಉಳಿದದ್ದಕ್ಕೆ ಒಗ್ಗರಣೆ ಹಾಕಿ ಚಿತ್ರಾನ್ನ ಮಾಡುತ್ತಿದ್ದಳು. ಎಂಟನೇ ಚಿತ್ರಾನ್ನದ ದಿನ, "ಅಲ್ಲಾರೀ, ಎಣಿಸೋ ಕೆಲ್ಸಕ್ಕೆ ಸಂಬಳ ತಗೋತೀರ, ಮನೇಲಿ ಯಾಕೆ ದಿನಾ ಅನ್ನ ಜಾಸ್ತಿ ಆಗ್ತಿದೆ ಅಂತ ನೋಡಬಾರ್ದಾ?" ಎಂದಳು. ನಾನು ನೋಡಿದೆ. ವೃತ್ತಿಪರನಾಗಿ ಯೋಚಿಸಿದೆ. ತಪ್ಪು ಅಕ್ಕಿಯದು ಎಂದು ತೀರ್ಪು ಕೊಟ್ಟೆ.

ಅಕ್ಕಿ ಕೊಡುವವರು ಹಮೀದ್‌ಭಾಯ್. ನಮ್ಮೂರ ಕಡೆಯವರೇ, ನಮ್ಮ ಬೀದಿಯ ಮೂಲೆಯಲ್ಲಿ ದಿನಸಿ ಅಂಗಡಿ ಇಟ್ಟಿದ್ದಾರೆ. ಹನ್ನೊಂದು ವರ್ಷದಿಂದ ಅವರ ಅಂಗಡಿಯ ಸೋನಾ ಮಸೂರಿಯೇ ನಮ್ಮ ಅನ್ನ. ಉಳಿದ ಚೀಲವನ್ನು ಹೆಗಲ ಮೇಲೆ ಹೊತ್ತು ಹೋಗಿ ಅವರ ಕೌಂಟರಿನ ಮುಂದೆ ಇಳಿಸಿದೆ.

"ಎಂತ ಹಮೀದ್‌ಭಾಯ್, ಇದಕ್ಕೆ ಬೇರೆ ಎಂತದೋ ಬೆರೆಸಿದ ಹಾಗೆ ಉಂಟಲ್ಲ."

ಅವರು ಅಕ್ಕಿಯನ್ನು ಅಂಗೈಗೆ ಹಾಕಿಕೊಂಡು ನೋಡಿದರು, ಆಮೇಲೆ ನನ್ನನ್ನು ನೋಡಿದರು. "ಅದೇ ಅಕ್ಕಿ ಮಾರಾಯ್ರೆ. ಆದ್ರೂ ಬೇರೆ ಚೀಲ ತಕ್ಕೊಂಡು ಹೋಗಿ" ಎಂದರು. ದಿನವೂ ಕುಡಿಸುತ್ತಿದ್ದ ಸುಲೈಮಾನಿ ಚಹಾ ಬೇಕೇ ಎಂದು ಅವತ್ತು ಕೇಳಲಿಲ್ಲ. ಹೊಸ ಚೀಲದ ಅನ್ನವೂ ಹಾಗೇ ಇತ್ತು. ಇಡೀ ಲಾಟೇ ಕೆಟ್ಟಿರಬೇಕೆಂದು ನಾನು ಒಳಗೊಳಗೇ ಅವರನ್ನು ಇನ್ನಷ್ಟು ದೂರಿದೆ. ತಾನೇ ಸರಿ ಎಂದು ತೀರ್ಮಾನಿಸಿದವನಿಗೆ ಪುರಾವೆ ಎಲ್ಲೆಲ್ಲೂ ಸಿಗುತ್ತದೆ.

ಮೇಳಕ್ಕೆ ನಮ್ಮ ಮಳಿಗೆ ತೀರಾ ಸರಳವಾಗಿತ್ತು. ಒಂದು ದೊಡ್ಡ ಗಾಜಿನ ಭರಣಿ ತುಂಬ ಅಕ್ಕಿ. ಅದರಲ್ಲಿ ಎಷ್ಟು ಲೋಟವಿದೆ ಎಂದು ಬಂದವರು ಊಹಿಸಿ ಚೀಟಿಯಲ್ಲಿ ಬರೆಯಬೇಕು. ಸಿರಿ ತಾನೇ ಅಳೆದು ತುಂಬಿ, ಉತ್ತರ ಬರೆದು, ಲಕೋಟೆಗೆ ಅಂಟು ಹಚ್ಚಿದಳು. ಎಷ್ಟೋ ತಿಂಗಳ ನಂತರ ಮೊದಲ ಸಲ ಗಣಿತದ ಕೆಲಸವನ್ನು ಅಳದೆ ಮಾಡಿದ್ದಳು. ಮೇಳದ ದಿನ ಬೆಳಿಗ್ಗೆ ಜ್ವರದ ಮಾತೂ ಎತ್ತಲಿಲ್ಲ.

ಹಮೀದ್‌ಭಾಯ್ ಕೂಡ ಬಂದರು, ಅವರ ಮೊಮ್ಮಗಳೂ ಅದೇ ಶಾಲೆಯವಳು. ಭರಣಿಯನ್ನು ಒಮ್ಮೆ ನೋಡಿ, ಮುಟ್ಟದೆ, ಹದಿಮೂರು ಎಂದು ಬರೆದುಕೊಟ್ಟರು. ಕೊನೆಗೆ ಲಕೋಟೆ ಒಡೆದಾಗ ಅದರಲ್ಲಿ ಹನ್ನೆರಡು ಎಂದಿತ್ತು. ನನ್ನ ನಾಲಿಗೆ ಸುಮ್ಮನಿರಬಾರದಿತ್ತೇ? "ನೋಡಿ, ಅಕ್ಕಿ ಮಾರುವವರಿಗೇ ಅಕ್ಕಿಯ ಅಂದಾಜಿಲ್ಲ" ಎಂದು ನಾಲ್ಕು ಜನರೆದುರು ನಗಾಡಿದೆ.

ಹಮೀದ್‌ಭಾಯ್ ನಗಲಿಲ್ಲ. "ಅಳೆದು ನೋಡುವ" ಎಂದರು.

ಟೀಚರ್ ಅಳೆದರು. ಒನ್, ಟೂ ಎಂದು ಶುರುವಾದದ್ದು ಥರ್ಟೀನ್‌ಗೆ ಮುಗಿಯಿತು. ಸುತ್ತಲಿನ ಮಕ್ಕಳು ಕಿಸಕ್ಕೆಂದರು. ಸಿರಿಯ ಗಲ್ಲ ಅದುರತೊಡಗಿತು. "ಇಲ್ಲ ಮ್ಯಾಮ್, ಹನ್ನೆರಡೇ" ಎಂದು ಲೋಟ ಕಿತ್ತುಕೊಂಡು ತಾನೇ ಮತ್ತೆ ಭರಣಿಗೆ ತುಂಬಿದಳು. ನಾನು ಅವಳ ಎಣಿಕೆಯನ್ನು ಕಿವಿಯಾರೆ ಕೇಳಿದ್ದು ಅವತ್ತೇ ಮೊದಲು. "ಲಾಭ" ಎಂದಳು, ಒಂದು ಲೋಟ ಸುರಿದಳು. "ಒಂದು" ಎಂದಳು, ಮತ್ತೊಂದು ಲೋಟ ಸುರಿದಳು. ಹೀಗೆ ಹನ್ನೆರಡಕ್ಕೆ ಸರಿಯಾಗಿ ಮುಗಿಸಿ ತಲೆಯೆತ್ತಿದಳು.

ಎಲ್ಲರೂ ನಕ್ಕರು. ನನಗೆ ಮಾತ್ರ ಅಲ್ಲಿಯವರೆಗಿನ ಅಷ್ಟೂ ಚಿತ್ರಾನ್ನಗಳು ಒಟ್ಟಿಗೆ ನೆನಪಿಗೆ ಬಂದವು.

"ಲಾಭ ಅಂದ್ರೆ ಸೊನ್ನೆ ಅಲ್ವಾ ಅಪ್ಪ? ಎಣಿಕೆ ಸೊನ್ನೆಯಿಂದ ಶುರು ಅಂದಿದ್ದು ನೀನೇ ತಾನೇ" ಎಂದಳು ಸಿರಿ. ಕಣ್ಣು ತುಂಬಿತ್ತು. "ನಾನು ಹೇಳ್ಲಿಲ್ವಾ, ನಂಗೆ ಮ್ಯಾತ್ಸ್ ಬರಲ್ಲ ಅಂತ."

ಸುಮ್ಮನಿದ್ದಿದ್ದರೆ ತಪ್ಪು ಮಗುವಿನದೆಂದೇ ಉಳಿಯುತ್ತಿತ್ತು. ನಾಚಿಕೆಯಾದರೂ ಬಾಯಿಬಿಟ್ಟೆ. "ಲಾಭ ಅಂದರೆ ಒಂದು ಮಗಾ. ನಾನು ಅರ್ಧ ಹೇಳಿಕೊಟ್ಟು ಓಡಿಹೋದೆ. ನೀನು ಎಣಿಸಿದ್ದರಲ್ಲಿ ತಪ್ಪಿಲ್ಲ, ಹೇಳಿಕೊಟ್ಟವನೇ ದಡ್ಡ."

ಹಮೀದ್‌ಭಾಯ್ ಅವಳ ಪಕ್ಕ ಕುಕ್ಕರುಗಾಲಲ್ಲಿ ಕೂತರು. "ನಮ್ಮ ಅಜ್ಜ ಅಕ್ಕಿ ಅಳೆಯುವಾಗ ಒಂದು ಅಂತ ಹೇಳ್ತಿರ್ಲಿಲ್ಲ ಮಗಳೇ, ಬರ್ಕತ್ ಹೇಳ್ತಿದ್ರು, ಸಮೃದ್ಧಿ ಆಗಲಿ ಅಂತ. ಇಲ್ಲೇ ಹತ್ತಿರ ಖತೀಫಿನಲ್ಲಿ ಖರ್ಜೂರ ಕೊಡುವ ಮುದುಕ ಒಬ್ರಿದ್ದಾರೆ, ಅವರದ್ದು ಅಲ್ಲಾ ವಾಹಿದ್, ದೇವರೊಬ್ಬನೇ ಅಂತ. ಒಂದು ಅಂತ ಬಾಯಿಬಿಟ್ಟು ಹೇಳ್ಲಿಕ್ಕೆ ಎಲ್ಲರಿಗೂ ಎಂತದೋ ಸಂಕೋಚ."

ಸಿರಿ ಕಣ್ಣೊರೆಸಿಕೊಂಡಳು. ಆದರೆ ಅವಳ ಗಮನ ಬೇರೆಲ್ಲೋ ಇತ್ತು. ಮೇಜಿನ ಮೇಲಿದ್ದ ಪೆನ್ನೆತ್ತಿಕೊಂಡು ಮಳಿಗೆಯಲ್ಲಿ ಅಂಟಿಸಿದ್ದ ಬಿಳಿ ಹಾಳೆಯ ಮೇಲೆ ಬರೆಯತೊಡಗಿದಳು. ಯಾರೂ ಬರೆ ಎಂದಿರಲಿಲ್ಲ. "ಹಾಗಾದ್ರೆ ಮನೇಲಿ ಮೂರು ಲೋಟ ಅಂತ ನಾಲ್ಕು ಹಾಕಿದೀನಿ. ನೀರೂ ಹಾಗೇ ಎಣಿಸಿದೆ, ಆರು ಅಂತ ಏಳು. ನಾಲ್ಕು ಅಕ್ಕಿಗೆ ಎಂಟು ನೀರು ಬೇಕಿತ್ತು. ಒಂದು ಕಡಿಮೆ ಆಯ್ತು, ಅದಕ್ಕೇ ಅನ್ನ ಬಿರುಸು." ಪೆನ್ನು ನಿಲ್ಲಿಸಿ ನನ್ನತ್ತ ತಿರುಗಿದಳು. "ಅಪ್ಪ, ಅಂಕಲ್ ಅಕ್ಕಿ ಚೆನ್ನಾಗೇ ಇತ್ತು."

ಹನ್ನೊಂದು ವರ್ಷದ ಅಕ್ಕಿಯನ್ನು ಕೆಟ್ಟದ್ದೆಂದವನ ಮುಖ ಹೇಗಿತ್ತೋ ನನಗೆ ಕಾಣಲಿಲ್ಲ, ಹಮೀದ್‌ಭಾಯ್‌ಗೆ ಕಂಡಿತು. "ನನ್ನದು ತಪ್ಪಾಯಿತು ಹಮೀದ್‌ಭಾಯ್" ಎಂದೆ. "ಸಂಜೆ ಅಂಗಡಿಗೆ ಬನ್ನಿ, ಸುಲೈಮಾನಿ ಕುಡಿಯುವ. ಲೆಕ್ಕ ಹೇಳ್ಲಿಕ್ಕೆ ಮಗಳನ್ನೂ ಕರ್ಕೊಂಡು ಬನ್ನಿ" ಎಂದರು ಅವರು. ಟೀಚರ್ ಹಾಳೆಯ ಮೂಲೆಯಲ್ಲಿ ಕೆಂಪು ಪೆನ್ನಿನಿಂದ ದೊಡ್ಡದೊಂದು ಸರಿ ಗುರುತು ಹಾಕಿದರು. ಸಿರಿ ಅದನ್ನೇ ನೋಡುತ್ತ ನಿಂತಳು.

ನಾನೂ ನಿಂತಿದ್ದೆ. ಮಗಳು ಹೇಳಿದ ನಾಲ್ಕೆರಡಲೆ ಎಂಟು, ಎಂಟರಲ್ಲಿ ಏಳು ಹೋದರೆ ಒಂದು, ಅದು ಸರಿಯೇ ಎಂದು ಪರೀಕ್ಷಿಸಲು ನನ್ನ ಬಲಗೈ ಎಂದಿನಂತೆ ಕೆಳಗಿಳಿದಿತ್ತು. ಜೇಬು ಅಲುಗಿದ್ದು ಅವಳ ಕಣ್ಣಿಗೆ ಬಿತ್ತು. ಬಹುಶಃ ಬಹಳ ದಿನದಿಂದ ಬೀಳುತ್ತಿತ್ತು.

"ಅಪ್ಪ, ಕೈ ಹೊರಗೆ ತೆಗೆದು ಎಣಿಸು. ಇಲ್ಲಿ ಯಾರೂ ಹೊಡೆಯಲ್ಲ."

ತೆಗೆದೆ. ಟೀಚರ ಎದುರು, ಹಮೀದ್‌ಭಾಯ್ ಎದುರು, ಕಿಸಕ್ಕೆಂದ ಅಷ್ಟೂ ಮಕ್ಕಳ ಎದುರು ಕೈಯಗಲಿಸಿ, ಮೊದಲ ಗೆಣ್ಣಿನ ಮೇಲೆ ಹೆಬ್ಬೆರಳಿಟ್ಟು "ಲಾಭ" ಎಂದೆ.

"ಅದು ಒಂದು" ಎಂದಳು ಸಿರಿ. ಆಮೇಲೆ ನನ್ನ ಹೆಬ್ಬೆರಳನ್ನು ತಾನೇ ಹಿಡಿದು ಎರಡನೇ ಗೆಣ್ಣಿಗೆ ಸರಿಸಿದಳು.