ಅಂಗೈಯಲ್ಲಿ ಕರಗಿದ ಹೆಂಟೆ

ಶ್ರಾವಣ ಬಂತೆಂದರೆ ಯರಗುಪ್ಪಿಯ ಮಠದಲ್ಲಿ ಪುರಾಣ ಹಚ್ಚುತ್ತಾರೆ. ಒಬ್ಬರು ಪದ್ಯವನ್ನು ರಾಗ ಮಾಡಿ ಓದುವುದು, ಇನ್ನೊಬ್ಬರು ಅದರ ಅರ್ಥ ಬಿಡಿಸಿ ಹೇಳುವುದು. ಈಗ ಹೊರಗಿನ ಊರಿಂದ ಶಾಸ್ತ್ರಿಗಳನ್ನು ಕರೆಸುತ್ತಾರೆ. ಚಲೋ ಹೇಳುತ್ತಾರೆ, ತಪ್ಪು ತೆಗೆಯಬಾರದು. ಆದರೂ ಸಂಜೆ ಮೈಕಿನ ದನಿ ಕಿವಿಗೆ ಬಿತ್ತೆಂದರೆ ಸಾವಿತ್ರೆವ್ವನಿಗೆ ಗಂಡ ಮಡಿವಾಳೆಪ್ಪನ ನೆನಪಾಗುತ್ತದೆ. ಕೈಯಲ್ಲಿದ್ದ ಕೆಲಸ ಅಲ್ಲೇ ನಿಲ್ಲುತ್ತದೆ.

ಮಡಿವಾಳೆಪ್ಪ ಹಗಲೆಲ್ಲಾ ಎರಿ ಹೊಲದಲ್ಲಿ ದುಡಿದು, ಸಂಜೆಗೆ ಕೈಕಾಲು ತೊಳೆದು, ತಲೆಗೆ ಪಟಗ ಸುತ್ತಿಕೊಂಡು ಮಠಕ್ಕೆ ಹೋಗಿ ಅರ್ಥ ಹೇಳುತ್ತಿದ್ದ. ಮೈಕು ಇಲ್ಲದ ಕಾಲದಲ್ಲೂ ಆತನ ದನಿ ಕಂಬದ ಹಿಂದೆ ಕೂತ ಮುದುಕಿಯರ ತನಕ ಮುಟ್ಟುತ್ತಿತ್ತು. ನಗುವ ಜಾಗ ಬಂದಾಗ ಬೇಕಂತಲೇ ಸುಮ್ಮನಾಗಿ, ಎಲಿ ಅಡಿಕಿ ಬಾಯಿಗೆ ಹಾಕಿಕೊಂಡು, ಮಂದಿ ಕಾಯುವಂತೆ ಮಾಡುತ್ತಿದ್ದ. ಒಂದು ಮಾತನ್ನಂತೂ ಪ್ರತಿ ಶ್ರಾವಣದಲ್ಲೂ ಹೇಳುವವನೇ: "ಕೊಳ್ಳಾಗಿನ ಲಿಂಗ ಕಣ್ಣಿಗೆ ಕಾಣೂದು. ಒಳಗ ಇನ್ನೊಂದೈತಿ. ಅದನ್ನ ಕಳ್ಳ ಕದಿಯಾಂಗಿಲ್ಲ, ಬೆಂಕಿ ಸುಡಾಂಗಿಲ್ಲ." ಮಂದಿ ತಲೆ ಆಡಿಸುತ್ತಿದ್ದರು. ಕೇಳಿ ಕೇಳಿ ಸಾವಿತ್ರೆವ್ವನಿಗೆ ಅದು ಬಾಯಿಪಾಠವಾಗಿತ್ತು. ರೊಟ್ಟಿ ಬಡಿಯುತ್ತಾ ಆಕೆ ಅದೇ ಮಾತನ್ನು ಅದೇ ರಾಗದಲ್ಲಿ ಹೇಳಿ ಗಂಡನನ್ನು ಕಾಡಿಸುವುದೂ ಇತ್ತು. "ಏ, ನೀನ ಹೋಗಿ ಕುಂದರ ಗದ್ದಿಗಿ ಮ್ಯಾಲ" ಅಂತ ಆತ ನಗುತ್ತಿದ್ದ.

ಕೊರೊನಾ ಬಂದು ಹೋದ ಮರುವರ್ಷ, ಹೆಸರುಕಾಯಿ ಬಿಡಿಸುವ ಕಾಲ. ಹೆಸರಿನ ಕಾಯಿಯನ್ನು ಬೆಳಗಿನ ತಂಪಿನಲ್ಲೇ ಬಿಡಿಸಬೇಕು, ಬಿಸಿಲೇರಿದರೆ ಸಿಡಿಯುತ್ತದೆ. ಹಾಗಾಗಿ ಮಡಿವಾಳೆಪ್ಪ ಆ ದಿನಗಳಲ್ಲಿ ಹೊಲದಲ್ಲೇ, ಬೇವಿನ ಗಿಡದ ಕೆಳಗೆ ಪೂಜೆ ಮಾಡಿಕೊಳ್ಳುತ್ತಿದ್ದ. ಪೂಜೆಯಾಗುವ ತನಕ ಬಾಯಿಗೆ ನೀರಿಲ್ಲ. ಅವತ್ತು ಕೆಲಸ ಒಂದು ಹಂತಕ್ಕೆ ಬಂದ ಮೇಲೆ ಗಿಡದ ಕೆಳಗೆ ಕೂತು, ಕೊರಳಿಗೆ ಕಟ್ಟಿದ್ದ ಲಿಂಗದ ವಸ್ತ್ರಕ್ಕೆ ಕೈ ಹಾಕಿದ. ಗಂಟು ಸಡಿಲಾಗಿತ್ತು. ಒಳಗೆ ಏನೂ ಇರಲಿಲ್ಲ.

"ಸಾವಿತ್ರಿ…" ಅಂದ. ಅಷ್ಟು ಸಣ್ಣ ದನಿಯನ್ನು ಆಕೆ ಆತನ ಬಾಯಲ್ಲಿ ಕೇಳಿರಲಿಲ್ಲ.

ಲಿಂಗ ಕಳೆದರೆ ಸಿಗುವ ತನಕ ಅನ್ನನೀರು ಮುಟ್ಟಬಾರದೆಂಬುದು ಹಿರಿಯರ ಮಾತು. ಮಡಿವಾಳೆಪ್ಪನ ಸೋದರತ್ತೆಯೊಬ್ಬಳು ಹಾಗೆಯೇ ಉಪವಾಸ ಬಿದ್ದು ಜೀವ ಬಿಟ್ಟಳೆಂದು ಮನೆಯಲ್ಲಿ ಹೇಳುತ್ತಿದ್ದರು. ಸಾವಿತ್ರೆವ್ವನಿಗೆ ಮೊದಲು ನೆನಪಾದದ್ದೇ ಆಕೆ. ಗಂಡನಿಗೆ ಶುಗರ್ ಬೇರೆ ಇತ್ತು. ಊಟ ತಡವಾದರೆ ಕೈ ನಡುಗುತ್ತಿತ್ತು.

ಹುಡುಕಲು ಶುರು ಮಾಡಿದರು. ಲಿಂಗ ಕರಿದು, ಎರಿ ಮಣ್ಣೂ ಕರಿದು. ಮಳೆಯಾಗಿ ಒಣಗಿದ ಹೊಲದ ತುಂಬಾ ಉರುಟು ಉರುಟು ಸಣ್ಣ ಮಣ್ಣಿನ ಹೆಂಟೆಗಳು. ಯಾವುದನ್ನು ನೋಡಿದರೂ ಅದೇ ಇದ್ದಂತೆ. ಕಾಯಿ ಬಿಡಿಸಲು ಬಂದಿದ್ದ ಓಣಿಯ ಖಾದರಬಿ ಉಡಿಯ ಕಾಯಿಯನ್ನು ಚೀಲಕ್ಕೆ ಸುರಿದು, ತಾನೂ ಮೊಣಕಾಲೂರಿ ಒಂದೊಂದೇ ಸಾಲು ತಡಕಾಡಿದಳು. ಬಿಸಿಲು ನೆತ್ತಿಗೆ ಬಂತು. ಮಡಿವಾಳೆಪ್ಪನ ಕೈ ನಡುಗಲು ಹತ್ತಿತು.

"ಒಂದ ಗುಟುಕ ನೀರರ ಕುಡೀರಿ. ಗುಳಿಗಿ ನುಂಗೋದೈತಿ" ಅಂದಳು ಸಾವಿತ್ರೆವ್ವ.

"ಯಾವ ಬಾಯಿಲೆ ಕುಡೀಲಿ?"

ಆಕೆಗೆ ಹೆದರಿಕೆಯಲ್ಲಿ ಸಿಟ್ಟು ಬಂತು. "ಒಳಗಿಂದು ಯಾರೂ ಕದಿಯಾಂಗಿಲ್ಲಂತ ಊರಿಗೆಲ್ಲಾ ಹೇಳಿ ಬರ್ತೀರಿ. ಅದರ ಐತೋ, ಅದೂ ಹೋತೋ?"

ಮಡಿವಾಳೆಪ್ಪ ಬದುವಿನ ಮೇಲೆ ಕುಸಿದು ಕೂತ. ಆಮೇಲೆ, "ನಾ ಅದನ್ನ ಓದೇನಿ, ಸಾವಿತ್ರಿ. ಹೇಳೇನಿ. ನೋಡಿಲ್ಲ" ಅಂದ.

ಆಕೆಗೆ ಯಾಕಾದರೂ ಅಂದೆನೋ ಅನ್ನಿಸಿತು.

ಹೊತ್ತು ವಾಲಿದ ಮೇಲೆ ಆತ ಒಮ್ಮೆಲೇ ಕೂಗಿದ. "ಸಿಕ್ತು! ಏ, ಸಿಕ್ತು!" ಮುಷ್ಟಿ ಬಿಗಿಹಿಡಿದು, ಮುಗ್ಗರಿಸುತ್ತಾ ಬೇವಿನ ಗಿಡದ ಕಡೆ ಓಡಿದ. ಹೆಂಗಸರಿಬ್ಬರೂ ಹಿಂದೆ ಓಡಿದರು. ಆತ ಪದ್ಮಾಸನ ಹಾಕಿ, ಹಣೆಗೆ ವಿಭೂತಿ ಹಚ್ಚಿ, ಎಡಗೈಯ ಅಂಗೈಯಲ್ಲಿ ಅದನ್ನು ಇಟ್ಟುಕೊಂಡು, ತಂಬಿಗೆಯಿಂದ ಸಣ್ಣಗೆ ನೀರು ಬಿಟ್ಟ. ಕಣ್ಣಿಗೆ ಪೊರೆ ಬಂದಿತ್ತು, ಅವಸರವೂ ಇತ್ತು. ನೀರು ಬಿದ್ದದ್ದೇ ತಡ, ಲಿಂಗ ಒಂದು ಕಡೆ ಸಡಿಲಾಯಿತು, ಇನ್ನೊಂದು ಕಡೆ ಕುಸಿಯಿತು. ಕರಿ ನೀರಾಗಿ ಬೆರಳ ಸಂದಿಯಿಂದ ಮೊಣಕೈ ತನಕ ಇಳಿಯಿತು. ಹೆಂಟೆ ಕರಗಿ ಹೋಗಿತ್ತು.

"ಯಾ ಅಲ್ಲಾ" ಅನ್ನುತ್ತಾ ಖಾದರಬಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಈಗ ಗಂಡ ಎದೆ ಒಡೆದುಕೊಳ್ಳುತ್ತಾನೆಂದು ಸಾವಿತ್ರೆವ್ವ ಮುಂದೆ ಹೋದಳು. ಆತ ಕೈ ಇಳಿಸಲೇ ಇಲ್ಲ. ಬರಿದಾದ ಅಂಗೈಯನ್ನು, ಲಿಂಗ ಇದ್ದಾಗ ನೋಡುವಂತೆಯೇ, ಎವೆ ಇಕ್ಕದೆ ನೋಡುತ್ತಾ ಕೂತ. ಹಣೆಯ ಗೆರೆಗಳು ಒಂದೊಂದಾಗಿ ಬಿಟ್ಟವು. ಹಾಲು ಕುಡಿದ ಕೂಸು ನಿದ್ದೆಗೆ ಜಾರುವಾಗ ಮುಖ ಹೇಗೆ ಸಡಿಲಾಗುತ್ತದೋ ಹಾಗೆ. ಕೈಯ ನಡುಕ ನಿಂತಿತು. ಗಿಡದ ನೆರಳು ಸರಿದು ಆತನ ಮೈಮೇಲೆ ಬಿಸಿಲು ಬಂದರೂ ಅಲುಗಲಿಲ್ಲ. ಕಣ್ಣಿಂದ ನೀರು ಇಳಿಯುತ್ತಿತ್ತು, ಅಳು ಇರಲಿಲ್ಲ. ಸಾವಿತ್ರೆವ್ವ ಹತ್ತಿರ ನಿಂತು ಉಸಿರಾಟ ನೋಡುತ್ತಿದ್ದಳು. ಮುಟ್ಟಲು ಮಾತ್ರ ಧೈರ್ಯ ಬರಲಿಲ್ಲ.

ಎಷ್ಟೋ ಹೊತ್ತಿನ ಮೇಲೆ ಆತ ತಿರುಗಿ ಆಕೆಯನ್ನು ನೋಡಿದ. "ಬುತ್ತಿ ಬಿಚ್ಚು" ಅಂದ.

"ಲಿಂಗ ಸಿಕ್ಕಿಲ್ಲಲ್ರಿ?"

"ಹೌದು. ಸಿಕ್ಕಿಲ್ಲ. ಬಿಚ್ಚು, ಹಸಿವ್ಯಾಗೇತಿ."

ತಲೆಗಿಲೆ ಕೆಟ್ಟಿತೋ ಏನೋ ಎಂದು ಹೆದರುತ್ತಲೇ ಆಕೆ ರೊಟ್ಟಿ, ಪುಂಡಿಪಲ್ಯ ಬಡಿಸಿದಳು. ಆತ ಹೊಟ್ಟೆತುಂಬ ಉಂಡ. ಖಾದರಬಿಯನ್ನೂ ಕರೆದು ಕೊಟ್ಟ. ಆಕೆ ರೊಟ್ಟಿ ಮುರಿಯುತ್ತಾ, "ಅಜ್ಜಾರ, ಮುಂದಿನ ವರ್ಷ ಈ ಹೊಲದಾಗ ಹ್ಯಾಂಗ ಕಾಲಿಡೋದ್ರಿ? ದೇವರ ಮನಿ ಆಗಿಬಿಡ್ತಲ್ಲ" ಅಂದಳು. ಮಡಿವಾಳೆಪ್ಪ ಗಂಟಲಲ್ಲಿ ರೊಟ್ಟಿ ಸಿಕ್ಕುವಷ್ಟು ನಕ್ಕ.

ಮಠದ ಅಯ್ಯನವರು ಎಲ್ಲವನ್ನೂ ಕೇಳಿ, ಮರುಮಾತಿಲ್ಲದೆ ಹೊಸ ಲಿಂಗ ಕಟ್ಟಿದರು. ತಕರಾರು ತೆಗೆದವನು ಮಠದ ಹಿರಿಯ ಕಾಶಿನಾಥ. "ತನ್ನ ಲಿಂಗ ತಾನ ಜೋಪಾನ ಮಾಡಾಕ ಆಗದಾಂವ ಗದ್ದಿಗಿ ಮ್ಯಾಲ ಕುಂತು ಏನ ಹೇಳ್ತಾನ್ರಿ?" ಅಂದ. "ಖರೆ ಐತಿ" ಅಂದ ಮಡಿವಾಳೆಪ್ಪ, ಅಷ್ಟೆ. ಅಯ್ಯನವರೇ ಒತ್ತಾಯ ಮಾಡಿ ಕೂಡ್ರಿಸಿದರು.

ಪುರಾಣದಲ್ಲಿ ಒಳಗಿನ ಲಿಂಗದ ಆ ಪದ್ಯ ಬಂದ ಸಂಜೆ ಮಠ ತುಂಬಿತ್ತು. ಓದುವವರು ರಾಗ ಮುಗಿಸಿದರು. ಮಂದಿ ಕಳ್ಳ, ಬೆಂಕಿ ಎರಡನ್ನೂ ಕೇಳಲು ಕಾದು ಕೂತಿತ್ತು. ಮಡಿವಾಳೆಪ್ಪ ಬಾಯಿ ತೆರೆದ, ಮುಚ್ಚಿದ. ಸಾವಿತ್ರೆವ್ವ ಕೂತಲ್ಲೇ ಸೆರಗು ಹಿಂಡಿಕೊಂಡಳು. "ಇದರ ಅರ್ಥ ಮದಲ ಭಾಳ ಚಂದ ಹೇಳತಿದ್ದೆ. ಈಗ ಹೇಳಾಕ ಬರವಲ್ದು. ಮನಿಗೆ ಹೋಗಿ ಕುಂತು ನೋಡ್ರಿ" ಅಂದ. ಮುಂದಿನ ಪದ್ಯಕ್ಕೆ ಕೈ ಮಾಡಿದ.

ಹೊರಗೆ ಕಟ್ಟೆಯ ಮೇಲೆ ಕಾಶಿನಾಥ ಅಡ್ಡ ಹಾಕಿದ. "ಹೊಲದಾಗ ಏನ ಕಂಡ್ಯೋ ಮಾರಾಯಾ? ನಮಗೂ ಒಂದೀಟ ಹೇಳು."

"ಸಕ್ರಿ ತಿಂದಾಂವನ ಬಾಯಿ ನೆಕ್ಕಿದ್ರ ನಿನಗ ಸೀ ಹತ್ತೈತೇನ್ಲೇ?" ಅಂದ ಮಡಿವಾಳೆಪ್ಪ. ಕಟ್ಟೆಯೆಲ್ಲಾ ನಕ್ಕಿತು, ಕೊನೆಗೆ ಕಾಶಿನಾಥನೂ.

ಆಮೇಲೆ ಆತ ಬಾಳಿದ್ದು ಕೆಲವೇ ವರ್ಷ. ಮಾತು ಕಡಿಮೆಯಾಯಿತು, ನಗು ಹೆಚ್ಚಾಯಿತು. ಅವತ್ತು ಏನು ಕಂಡಿತೆಂದು ಸಾವಿತ್ರೆವ್ವ ಒಮ್ಮೆಯೂ ಕೇಳಲಿಲ್ಲ. ಕೇಳಬೇಕಿತ್ತೇನೋ ಎಂದು ಈಗೀಗ ಅನ್ನಿಸುತ್ತದೆ. ಹೋದ ಶ್ರಾವಣದಲ್ಲಿ ಓಣಿಯ ಹೆಣ್ಣುಮಕ್ಕಳು ಸುತ್ತುಗಟ್ಟಿದ್ದರು. "ಅಜ್ಜಾರು ನಿಮಗರ ಹೇಳಿರಬೇಕಲ್ರೀ ಅಮ್ಮಾ?" ಆಕೆ ಯೋಚಿಸಿ ಹೇಳಿದಳು, "ನೋಡೂಮುಂದ ಅವರನ್ನ ನಾ ನೋಡೇನವಾ. ಅವರು ನೋಡಿದ್ದನ್ನ ನೋಡಿಲ್ಲ."

ಹೇಳಿದ ಮಾತು ಆಕೆಯನ್ನೇ ಹಿಡಿದುಕೊಂಡಿತು. ಹೊಲ ಮಗ ಗೌರೀಶನಿಗೆ ಬಂತು, ಬಂಗಾರ ಸೊಸೆ ನಂದಾಗೆ ಬಂತು. ಇದೊಂದು ಮಾತ್ರ ಯಾರ ಪಾಲಿಗೂ ಬರಲಿಲ್ಲ. ತನ್ನ ಪೂಜೆ ಎಂಥದು? ಬಾಲ್ಯದಲ್ಲಿ ದೀಕ್ಷೆಯಾದಾಗಿನಿಂದ ಒಂದು ದಿನ ತಪ್ಪಿಸಿಲ್ಲ, ನಿಜ. ಆದರೆ ಕಣ್ಣು ಲಿಂಗದ ಮೇಲೆ, ಕಿವಿ ಒಲೆಯ ಮೇಲಿನ ಹಾಲಿನ ಮೇಲೆ. ಒಂದು ಪತ್ರಿ, ಒಂದು ಗುಟುಕು ನೀರು, ಅಷ್ಟಕ್ಕೆ ಎದ್ದುಬಿಡುವುದು.

ಮರುದಿನ ಆಕೆ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಕೂತಳು, ಏಳಲಿಲ್ಲ. ಎಮ್ಮೆ ಒದರಿತು. ಗೌರೀಶ ಡ್ಯೂಟಿಗೆ ಹೋಗಲು ಗಾಡಿ ಚಾಲೂ ಮಾಡಿದ. ನಂದಾ ಬಾಗಿಲಿಗೆ ಬಂದು, "ಅತ್ತೀ, ಚಹಾ ಆರಾಕತ್ತೈತ್ರಿ" ಅಂದಳು.

"ಆರಲಿ ಬಿಡು."

ನಂದಾಗೆ ಗಾಬರಿಯಾಯಿತು. ಅತ್ತೆ ಎದ್ದು ಹೊರಗೆ ಬರುವ ತನಕ ಬಾಗಿಲಲ್ಲೇ ಸುಳಿದಾಡಿದಳು. ಆಮೇಲೆ ಮೆಲ್ಲಗೆ ಕೇಳಿದಳು, "ಏನರ ಕಂಡ್ತೇನ್ರಿ?"

ಸಾವಿತ್ರೆವ್ವ ಗೋಡೆ ಹಿಡಿದು ಬೆನ್ನು ನೆಟ್ಟಗೆ ಮಾಡಿಕೊಂಡಳು. "ಇವತ್ತ ಟೊಂಕದ ನೋವಷ್ಟ ಕಂಡ್ತವಾ. ನಾಳಿ ಮತ್ತ ಕುಂದರತೇನಿ."